ಮದುವೆಯ ಮಾತು ಕೊಟ್ಟು ಕೈಬಿಟ್ಟವನ ಮೇಲೆ ಕಾನೂನಿನಲ್ಲಿ ಏನು ಮಾಡಬಹುದು?

ನೀಲಿ ಛತ್ರಿ (ಭಾನುವಾರ ರಾತ್ರಿ)

ಉದ್ದವಾಗುತ್ತದೆ, ಸಹಿಸಿಕೊಳ್ಳಿ. ನನಗೆ 29 ವರ್ಷ. ಖಾಸಗಿ ಕಚೇರಿಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. 2021ರ ಆಗಸ್ಟ್‌ನಿಂದ ಒಬ್ಬನ ಜೊತೆಗಿದ್ದೆ. ಮದುವೆಯ ಮಾತನ್ನು ಮೊದಲು ತೆಗೆದವನು ಅವನೇ. ತಂಗಿಯ ಮದುವೆ ಮುಗಿಯಲಿ ಎಂದ, ಮುಗಿಯಿತು. ಮನೆಯ ಸಾಲ ತೀರಲಿ ಎಂದ. ಆಮೇಲೆ ಅಪ್ಪನಿಗೆ ಹುಷಾರಿಲ್ಲ ಎಂದ. ಈ ನಡುವೆ ಒಂಬತ್ತು ಸಲ ಒಟ್ಟು 3,40,000 ರೂಪಾಯಿ ನನ್ನಿಂದ ತೆಗೆದುಕೊಂಡಿದ್ದಾನೆ. ಎಲ್ಲವೂ ಬ್ಯಾಂಕ್ ಖಾತೆಯಿಂದ ಹೋಗಿವೆ. ವಾಪಸ್ ಬಂದದ್ದು ಒಂದೇ ಸಲ, 10,000.

ಮೊನ್ನೆ ಗೆಳತಿಯೊಬ್ಬಳು ಲಗ್ನಪತ್ರಿಕೆಯ ಫೋಟೊ ಕಳುಹಿಸಿ "ಇದು ಅವನೇ ಅಲ್ಲವೇ" ಎಂದು ಕೇಳಿದಳು. ಅವನೇ. ಮುಂದಿನ ತಿಂಗಳು ಮುಹೂರ್ತ. ಕರೆ ಮಾಡಿದರೆ ಹೋಗುತ್ತಿಲ್ಲ, ನನ್ನ ನಂಬರನ್ನು ತಡೆದಿದ್ದಾನೆ.

ಬೇರೆಯವರ ಲೆಕ್ಕದಲ್ಲಿ ಹತ್ತು ರೂಪಾಯಿ ತಾಳೆಯಾಗದಿದ್ದರೆ ರಾತ್ರಿ ಎಂಟರವರೆಗೆ ಕುಳಿತು ಹುಡುಕುವವಳು ನಾನು. ನನ್ನ ಲೆಕ್ಕದಲ್ಲಿ ನಾಲ್ಕು ವರ್ಷ ಹೋಗಿದೆ.

ಕೇಳಬೇಕಾದದ್ದು ಇಷ್ಟು. ಆ ಮದುವೆಯನ್ನು ನಿಲ್ಲಿಸಬಹುದೇ? ಪೊಲೀಸರಿಗೆ ದೂರು ಕೊಟ್ಟರೆ ನಿಲ್ಲುತ್ತದೆಯೇ? ಹಣ ಬರುತ್ತದೆಯೇ? ಆ ಹುಡುಗಿಗೆ ನಮ್ಮಿಬ್ಬರ ಫೋಟೊಗಳನ್ನು ಕಳುಹಿಸಿದರೆ ನನಗೇನಾದರೂ ತೊಂದರೆಯೇ?

ಕೊನೆಯ ಬೆಂಚು

ತೊಂದರೆ ಏನು ಬಂತು? ಫೋಟೊ ಕಳುಹಿಸಿ, ಬೆಳಿಗ್ಗೆ ಠಾಣೆಗೆ ಹೋಗಿ ಎಫ್‌ಐಆರ್ ಮಾಡಿಸಿ. ಹಾರ ಹಾಕಿಕೊಳ್ಳುವ ಕೈಗೆ ಕೋಳ ಬೀಳಲಿ.

ಹಳೆಯ ಕಪ್ಪು ಕೋಟು

ನೋಡಿ ಅಮ್ಮಾ, ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ, ಏಕೆಂದರೆ ಅದೊಂದೇ ಇವತ್ತು ರಾತ್ರಿ ಕೆಡಬಹುದಾದ ಕೆಲಸ. ಫೋಟೊ ಕಳುಹಿಸಬೇಡಿ. ಖಾಸಗಿ ಕ್ಷಣದ್ದು ಒಂದೇ ಒಂದು ಆಚೆ ಹೋದರೂ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಕಲಂ 66ಇ, 67ಎ ನಿಮ್ಮ ಕಡೆಗೇ ತಿರುಗುತ್ತವೆ. ಇವತ್ತು ನೀವು ದೂರುದಾರಳು, ನಾಳೆ ಆರೋಪಿ. ಅವನ ವಕೀಲರಿಗೆ ಇದಕ್ಕಿಂತ ದೊಡ್ಡ ಉಡುಗೊರೆ ಇಲ್ಲ. ಅವನ ಹೆಸರು ಹಾಕಿ ಜಾಲತಾಣದಲ್ಲಿ ಬರೆಯುವುದೂ ಬೇಡ. ಮಾನನಷ್ಟದ ಕ್ರಿಮಿನಲ್ ಪ್ರಕರಣದಲ್ಲಿ "ಹೇಳಿದ್ದು ನಿಜ" ಎಂದರಷ್ಟೇ ಸಾಲದು, ಸಾರ್ವಜನಿಕ ಹಿತಕ್ಕಾಗಿ ಹೇಳಿದೆ ಎಂದೂ ತೋರಿಸಬೇಕು.

ಮದುವೆ ನಿಲ್ಲಿಸುವುದು: ಆಗುವುದಿಲ್ಲ. ಅವನು ನಿಮ್ಮನ್ನು ಮದುವೆಯಾಗಿಲ್ಲ, ಹಾಗಾಗಿ ಇನ್ನೊಬ್ಬಳನ್ನು ಮದುವೆಯಾಗಲು ಕಾನೂನಿನ ಅಡ್ಡಿ ಇಲ್ಲ. ವಿಶೇಷ ವಿವಾಹ ಕಾಯ್ದೆಯಡಿ ನೋಟಿಸ್ ಅಂಟಿಸಿದ್ದರೂ ಆಕ್ಷೇಪಣೆ ಸಲ್ಲುವುದು ಜೀವಂತ ಸಂಗಾತಿ, ವಯಸ್ಸು, ನಿಷಿದ್ಧ ಸಂಬಂಧದಂಥ ಕಾರಣಗಳಿಗೆ ಮಾತ್ರ. "ನನಗೆ ಮಾತು ಕೊಟ್ಟಿದ್ದ" ಎಂಬುದು ಆ ಸಾಲಿನಲ್ಲಿ ಇಲ್ಲ. ನಿಮ್ಮನ್ನೇ ಮದುವೆಯಾಗು ಎಂದು ಅವನಿಗೆ ಆದೇಶಿಸುವ ನ್ಯಾಯಾಲಯವೂ ಇಲ್ಲ. ಇದ್ದಿದ್ದರೆ ಅಂಥ ಮದುವೆ ನಿಮಗೇ ಬೇಡವಾಗುತ್ತಿತ್ತು.

ಈಗ ಅಪರಾಧದ ವಿಷಯ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಕಲಂ 69 ಎಂದಿದೆ. ನೆರವೇರಿಸುವ ಉದ್ದೇಶವೇ ಇಲ್ಲದೆ ಮದುವೆಯ ಮಾತು ಕೊಟ್ಟು ಹೆಣ್ಣಿನೊಂದಿಗೆ ದೈಹಿಕ ಸಂಬಂಧ ಬೆಳೆಸಿದರೆ ಹತ್ತು ವರ್ಷದವರೆಗೆ ಸೆರೆ ಮತ್ತು ದಂಡ. ಕೆಲಸ ಕೊಡಿಸುತ್ತೇನೆ, ಬಡ್ತಿ ಕೊಡಿಸುತ್ತೇನೆ ಎಂಬ ಸುಳ್ಳು ಆಮಿಷ, ಗುರುತು ಮರೆಮಾಚಿ ಮದುವೆಯಾಗುವುದು, ಇವೂ ಅದರೊಳಗೇ ಬರುತ್ತವೆ. ಜಾಮೀನು ರಹಿತ, ಸೆಷನ್ಸ್ ನ್ಯಾಯಾಲಯದಲ್ಲಿ ವಿಚಾರಣೆ. ಆದರೆ "ಉದ್ದೇಶವೇ ಇಲ್ಲದೆ" ಎಂಬ ಎರಡು ಪದಗಳನ್ನು ಇನ್ನೊಮ್ಮೆ ಓದಿ. ಮುರಿದ ಮಾತು ಅಪರಾಧವಲ್ಲ. ಕೊಡುವಾಗಲೇ ಸುಳ್ಳಾಗಿದ್ದ ಮಾತು ಅಪರಾಧ. 2013ರಲ್ಲಿ ದೀಪಕ್ ಗುಲಾಟಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಗೆರೆ ಎಳೆಯಿತು. 2019ರ ಪ್ರಮೋದ್ ಪವಾರ್ ಪ್ರಕರಣದಲ್ಲಿ ಅದನ್ನು ಇನ್ನಷ್ಟು ದಪ್ಪ ಮಾಡಿತು. ಅಲ್ಲಿ ಹುಡುಗ ಜಾತಿಯ ಕಾರಣಕ್ಕೆ ಮದುವೆ ಕಷ್ಟವೆಂದು ಹೇಳಿದ ಮೇಲೂ ಸಂಬಂಧ ವರ್ಷಕ್ಕೂ ಹೆಚ್ಚು ಕಾಲ ಮುಂದುವರಿದಿತ್ತು. ಎಫ್‌ಐಆರ್ ರದ್ದಾಯಿತು. ನಮ್ಮ ರಾಜ್ಯದಿಂದಲೇ ಹೋದ ಉದಯ್ ಪ್ರಕರಣದಲ್ಲೂ 2003ರಲ್ಲಿ ಆರೋಪಿ ಬಿಡುಗಡೆಯಾದ.

ಹಾಗಾಗಿ ಲಗ್ನಪತ್ರಿಕೆ ಹಿಡಿದು ಹೋದರೆ ಪೊಲೀಸರು ಕೇಳುವುದು ಮೊನ್ನೆಯ ಕಥೆಯನ್ನಲ್ಲ, 2021ರ ಕಥೆಯನ್ನು. ಆಗ ಅವನ ಮನಸ್ಸಿನಲ್ಲಿ ಏನಿತ್ತು? ನಿಮ್ಮ ಬಳಿ ಏನಿದೆ?

ಗೋಡೆ ಗಡಿಯಾರ

ಇದನ್ನೇ ನಾನೂ ಹೇಳಬೇಕೆಂದಿದ್ದೆ. ಪ್ರೀತಿ ಮುರಿದ ಕೂಡಲೇ ಅತ್ಯಾಚಾರದ ದೂರು ಕೊಡುವುದು ಅಭ್ಯಾಸವಾಗಿಬಿಟ್ಟಿದೆ. ನನ್ನ ಸೋದರನ ಮೇಲೆ ಹಾಗೆ ಆಗಿ, ನಿರೀಕ್ಷಣಾ ಜಾಮೀನಿಗೆ ಓಡಾಡಿ, ಕೆಲಸವೂ ಹೋಯಿತು. ಸುಳ್ಳು ದೂರು ಕೊಟ್ಟವರಿಗೂ ಕಲಂ 217, 248 ಇವೆ, ನೆನಪಿರಲಿ.

ಎರಡನೇ ಅಧ್ಯಾಯ

ಗೋಡೆ ಗಡಿಯಾರದವರೇ, ನಿಮ್ಮ ಸೋದರನ ನೋವು ನಿಜವಿರಬಹುದು. ಆಕೆ ಕೇಳಿದ್ದು ಅದನ್ನಲ್ಲ.

ನೀಲಿ ಛತ್ರಿ, ನಾನು ಈ ದಾರಿಯಲ್ಲಿ ಹೋಗಿ ಬಂದವಳು. ಹಳೆಯ ದಂಡ ಸಂಹಿತೆಯ ಅತ್ಯಾಚಾರದ ಕಲಂ 376ರ ಕಾಲ. ದೂರು ಕೊಟ್ಟ ದಿನದಿಂದ ತೀರ್ಪಿನವರೆಗೆ ಐದು ವರ್ಷ. ವೈದ್ಯಕೀಯ ಪರೀಕ್ಷೆ, ಮ್ಯಾಜಿಸ್ಟ್ರೇಟರ ಮುಂದೆ ಹೇಳಿಕೆ, ಇವನ್ನೆಲ್ಲ ಹೇಗೋ ಮಾಡಿದೆ. ಪಾಟಿ ಸವಾಲಿನ ದಿನ ಮಾತ್ರ ಇವತ್ತಿಗೂ ಮನಸ್ಸಿನಲ್ಲಿದೆ. ಬಾಗಿಲು ಮುಚ್ಚಿದ ಕೋಣೆ, ಹೊರಗಿನವರು ಯಾರೂ ಇರಲಿಲ್ಲ, ಪಂಖ ಕಿರುಗುಟ್ಟುತ್ತಿತ್ತು. ಅವನ ವಕೀಲರು ಕಿರುಚಲಿಲ್ಲ, ಅವಮಾನಿಸಲೂ ಇಲ್ಲ. ಬಹಳ ಸೌಜನ್ಯದಿಂದ ನನ್ನದೇ ಒಂದು ಹುಟ್ಟುಹಬ್ಬದ ಪತ್ರ ಕೈಗೆ ಕೊಟ್ಟು ಓದಲು ಹೇಳಿದರು. "ನಿಮ್ಮ ಅಮ್ಮ ಒಪ್ಪದಿದ್ದರೂ ಚಿಂತೆಯಿಲ್ಲ, ನಾವು ಹೀಗೆಯೇ ಇರೋಣ" ಎಂದು ಬರೆದಿದ್ದೆ. "ಅಂದರೆ ಒಪ್ಪದೇ ಇರಬಹುದು ಎಂದು ನಿಮಗೆ ಗೊತ್ತಿತ್ತು" ಎಂದರು. ಹೌದು ಎಂದೆ. ಕೇಸು ಅಲ್ಲಿಗೇ ಮುಗಿಯಿತು, ತೀರ್ಪು ಬರಲು ಇನ್ನೂ ಎಂಟು ತಿಂಗಳಿದ್ದರೂ.

ದೂರು ಕೊಡಬೇಡಿ ಎನ್ನುತ್ತಿಲ್ಲ. ಕೊಡುವ ಮೊದಲು ನಿಮ್ಮ ಸಂದೇಶಗಳನ್ನು ಅವನ ವಕೀಲ ಓದುವಂತೆ ಮೊದಲಿನಿಂದ ಕೊನೆಯವರೆಗೆ ಒಮ್ಮೆ ಓದಿ. ನಾನು ಓದಿರಲಿಲ್ಲ.

ನೀಲಿ ಛತ್ರಿ (ಸೋಮವಾರ ಸಂಜೆ)

ಎಲ್ಲರಿಗೂ ವಂದನೆ. ಅಕ್ಕಾ, ನೀವು ಹೇಳಿದಂತೆ ಕುಳಿತು ಓದಿದೆ. ಮಧ್ಯಾಹ್ನ ರಜೆ ಹಾಕಿದ್ದೆ. 2023ರಲ್ಲಿ ನಾನೂ ಒಂದು ಕಡೆ "ಅವರು ಒಪ್ಪದಿದ್ದರೆ ರಿಜಿಸ್ಟರ್ ಮದುವೆ ಆಗೋಣ" ಎಂದು ಬರೆದಿದ್ದೇನೆ. ಇದು ಕೆಟ್ಟದ್ದೇ?

ಇನ್ನೊಂದು. ಹಣ ಕಳುಹಿಸುವಾಗ ಷರಾ ಬರೆಯುವ ಜಾಗವಿರುತ್ತದಲ್ಲ, ಅದರಲ್ಲಿ ಎರಡು ಸಲ "ಸಾಲ" ಎಂದು ಬರೆದಿದ್ದೇನೆ. ಉಳಿದ ಏಳು ಸಲ ಹೃದಯದ ಚಿತ್ರ ಹಾಕಿದ್ದೇನೆ. ಲೆಕ್ಕ ಬರೆಯುವವಳು ನಾನು. ಹೃದಯದ ಚಿತ್ರ.

ಹಳೆಯ ಕಪ್ಪು ಕೋಟು

ರಿಜಿಸ್ಟರ್ ಮದುವೆಯ ಸಾಲು ಕೆಟ್ಟದ್ದಲ್ಲ. ಎರಡನೇ ಅಧ್ಯಾಯದವರು ಬರೆದದ್ದು "ಮದುವೆ ಇಲ್ಲದಿದ್ದರೂ ಸರಿ" ಎಂದು, ನೀವು ಬರೆದದ್ದು "ಹೇಗಾದರೂ ಮದುವೆ" ಎಂದು. ವ್ಯತ್ಯಾಸ ದೊಡ್ಡದು. ಅದಕ್ಕೆ ಅವನು ಏನು ಉತ್ತರಿಸಿದ ಎಂಬುದನ್ನೂ ಎತ್ತಿಡಿ.

ಹೃದಯದ ಚಿತ್ರಕ್ಕೆ ಬರೋಣ. ಅವನು ಖಂಡಿತ ಹೇಳುತ್ತಾನೆ: "ಪ್ರೀತಿಯಿಂದ ಕೊಟ್ಟಳು, ಸಾಲವಲ್ಲ." ಉಡುಗೊರೆ ವಾಪಸ್ ಬರುವುದಿಲ್ಲ, ಸಾಲ ಬರುತ್ತದೆ. ಪ್ರತಿ ವರ್ಗಾವಣೆಯ ಹಿಂದಿನ ಮುಂದಿನ ದಿನಗಳ ಸಂದೇಶ ನೋಡಿ. "ಗಾಡಿಯ ಕಂತು ಇದೆ, ಸಂಬಳ ಬಂದ ಮೇಲೆ ಕೊಡುತ್ತೇನೆ" ಎಂಬ ಒಂದು ಸಾಲು ಸಿಕ್ಕರೂ ಆ ವರ್ಗಾವಣೆ ಸಾಲವಾಗುತ್ತದೆ, ಷರಾದಲ್ಲಿ ಹೃದಯವಿರಲಿ, ಹೂವಿರಲಿ. ಲೆಕ್ಕದವರು ನೀವು, ಒಂದು ಪಟ್ಟಿ ಮಾಡಿ: ದಿನಾಂಕ, ಮೊತ್ತ, ಅವನು ಕೇಳಿದ ಮಾತು, ಹಿಂದಿರುಗಿಸುತ್ತೇನೆಂದ ಮಾತು. ನನ್ನ ಕಕ್ಷಿದಾರರಲ್ಲಿ ಇಂಥದ್ದನ್ನು ಮಾಡಿಕೊಂಡು ಬರುವವರು ನೂರಕ್ಕೆ ಇಬ್ಬರು. ಉಳಿದವರು ಫೋನನ್ನೇ ಮೇಜಿನ ಮೇಲಿಟ್ಟು "ಇದರಲ್ಲಿ ಎಲ್ಲ ಇದೆ ಸರ್" ಎನ್ನುತ್ತಾರೆ.

ಮೊದಲ ಸಾಲ ಯಾವಾಗಿನದು? ಕೈಗಡದ ವಸೂಲಿ ದಾವೆಗೆ ಕಾಲಮಿತಿ ಮೂರು ವರ್ಷ.

ನೀಲಿ ಛತ್ರಿ

2022ರ ಜನವರಿ, 60,000. ಹೋಯಿತೇ?

ಹಳೆಯ ಕಪ್ಪು ಕೋಟು

ಅವನು 10,000 ಹಿಂದಿರುಗಿಸಿದ್ದು ಯಾವಾಗ?

ನೀಲಿ ಛತ್ರಿ

2024ರ ಡಿಸೆಂಬರ್.

ಹಳೆಯ ಕಪ್ಪು ಕೋಟು

ಹಾಗಾದರೆ ಪೂರ್ತಿ ಹೋಗಿಲ್ಲ. ಮೂರು ವರ್ಷ ತುಂಬುವ ಮೊದಲು ಸಾಲಗಾರ ಒಂದಷ್ಟು ಪಾವತಿಸಿದರೆ ಅಥವಾ ಸಾಲವಿದೆ ಎಂದು ಬರೆದು ಒಪ್ಪಿಕೊಂಡರೆ ಅಲ್ಲಿಂದ ಹೊಸದಾಗಿ ಮೂರು ವರ್ಷ ಎಣಿಸಬಹುದು. ಕಾಲಮಿತಿ ಕಾಯ್ದೆಯ ಕಲಂ 18, 19. ಆದರೆ ಆ ಪಾವತಿಗೆ ಅವನ ಕೈಬರಹದ ಅಥವಾ ಸಹಿಯ ಗುರುತು ಬೇಕು ಎನ್ನುತ್ತದೆ ಕಾಯ್ದೆ. ಮೊಬೈಲ್ ಪಾವತಿಯಲ್ಲಿ ಅದು ವಾದದ ವಿಷಯ. ವಾದಿಸಲು ಎಡೆಯಿದೆ, ಗ್ಯಾರಂಟಿ ಕೊಡುವುದಿಲ್ಲ. ಯಾವ ಸಾಲಕ್ಕೆ ಆ ಹತ್ತು ಸಾವಿರ ಜಮಾ ಎಂಬ ಪ್ರಶ್ನೆಯೂ ಏಳುತ್ತದೆ. ಉಳಿದ ಎಂಟರ ದಿನಾಂಕಗಳನ್ನೂ ಇದೇ ರೀತಿ ನೋಡಿ, ತಡ ಮಾಡಬೇಡಿ.

ಮಧ್ಯರಾತ್ರಿ ಬಸ್

ನಡುವೆ ಬಾಯಿ ಹಾಕುತ್ತಿದ್ದೇನೆ. ನಾನು ಗಂಡಸು. ಎರಡು ವರ್ಷ ಮದುವೆಯ ಮಾತಾಡಿ ನನ್ನಿಂದ ಓದಿನ ಶುಲ್ಕ ಕಟ್ಟಿಸಿಕೊಂಡು ಹೋದಳು. ನಾನು ಠಾಣೆಗೆ ಹೋದರೆ ನಗುತ್ತಾರೆ. ನಮಗೆ ಏನೂ ಇಲ್ಲವೇ?

ಹಳೆಯ ಕಪ್ಪು ಕೋಟು

ಕಲಂ 69 ಹೆಣ್ಣಿಗೆ ಮಾತ್ರ, ಅದು ನಿಮಗಿಲ್ಲ. ಆದರೆ ವಂಚನೆಗೆ ಗಂಡು ಹೆಣ್ಣೆಂಬ ಭೇದವಿಲ್ಲ. ಹಣ ಕೀಳುವ ಉದ್ದೇಶದಿಂದಲೇ ಮದುವೆಯ ನಾಟಕ ಆಡಿದ್ದರೆ ಕಲಂ 318(4), ಏಳು ವರ್ಷದವರೆಗೆ ಶಿಕ್ಷೆ. ಬೇರೆ ಹೆಸರು, ಬೇರೆಯವರ ಫೋಟೊ ಇಟ್ಟುಕೊಂಡು ವಂಚಿಸಿದ್ದರೆ ಕಲಂ 319. ಇಲ್ಲಿಯೂ ಅದೇ ತಕ್ಕಡಿ: ಹಣ ತೆಗೆದುಕೊಂಡ ದಿನ ಮೋಸದ ಮನಸ್ಸಿತ್ತೇ? ಆಕೆಯ ಮನಸ್ಸು ಆಮೇಲೆ ಬದಲಾಗಿದ್ದರೆ ಅದು ಠಾಣೆಯ ವಿಷಯವಲ್ಲ, ಸಿವಿಲ್ ದಾವೆ. ಆ ದಾವೆ ನಿಮಗೂ ತೆರೆದೇ ಇದೆ. ನಗುವವರು ನಗಲಿ, ದೂರಿಗೆ ಸ್ವೀಕೃತಿ ಕೇಳಿ ಪಡೆಯಿರಿ.

ಮಳೆ ನಿಂತ ಮೇಲೆ

ನನ್ನದು ಸ್ವಲ್ಪ ಬೇರೆ. ಅವನು ದೇವಸ್ಥಾನದಲ್ಲಿ ತಾಳಿ ಕಟ್ಟಿದ, ಎರಡು ವರ್ಷ ಒಂದೇ ಮನೆಯಲ್ಲಿದ್ದೆವು. ಈಗ ತಿಳಿಯಿತು, ಊರಲ್ಲಿ ಹೆಂಡತಿ ಇದ್ದಾಳೆ. ನನ್ನದು ಮದುವೆಯೇ ಅಲ್ಲವಂತೆ. ಮಗು ಬೇರೆ ಇದೆ.

ಹಳೆಯ ಕಪ್ಪು ಕೋಟು

ನಿಮ್ಮ ಪ್ರಕರಣ ನೀಲಿ ಛತ್ರಿಯವರದ್ದಕ್ಕಿಂತ ಗಟ್ಟಿಯಾಗಿದೆ. ಮೊದಲ ಮದುವೆ ಮುಚ್ಚಿಟ್ಟು ಎರಡನೆಯದಾದರೆ ಕಲಂ 82(2), ಹತ್ತು ವರ್ಷದವರೆಗೆ. ಇದನ್ನು ಸಾಬೀತುಪಡಿಸಲು ಎರಡನೆಯ ಮದುವೆಯಲ್ಲೂ ಶಾಸ್ತ್ರಗಳು ಸರಿಯಾಗಿ ನಡೆದಿದ್ದವು ಎಂದು ತೋರಿಸಬೇಕಾಗುತ್ತದೆ, ಹಾಗಾಗಿ ಅರ್ಚಕರು, ಫೋಟೊ, ರಸೀದಿ ಎಲ್ಲ ಬೇಕು. ಮದುವೆಯೇ ಆಗದೆ "ಆಗಿದೆ" ಎಂದು ನಂಬಿಸಿ ಸಂಸಾರ ಮಾಡಿದ್ದರೆ ಕಲಂ 81. ಮಗುವಿನ ಜೀವನಾಂಶಕ್ಕೆ ನಿಮ್ಮ ಮದುವೆ ಊರ್ಜಿತವೋ ಅಲ್ಲವೋ ಎಂಬುದು ಅಡ್ಡ ಬರುವುದಿಲ್ಲ, ನಾಗರಿಕ ಸುರಕ್ಷಾ ಸಂಹಿತೆಯ ಕಲಂ 144ರಲ್ಲಿ ಅರ್ಜಿ ಹಾಕಿ. ಒಂದೇ ಸೂರಿನಡಿ ಇದ್ದದ್ದರಿಂದ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯನ್ನೂ ನೋಡಬೇಕು. 2013ರ ಇಂದ್ರಾ ಸರ್ಮಾ ಪ್ರಕರಣ ನಮ್ಮ ಹೈಕೋರ್ಟಿನಿಂದಲೇ ದೆಹಲಿಗೆ ಹೋದದ್ದು. ಆತನಿಗೆ ಹೆಂಡತಿ ಇದ್ದಾಳೆಂದು ಗೊತ್ತಿದ್ದೂ ಜೊತೆಗಿದ್ದ ಕಾರಣ ಆಕೆಗೆ ಪರಿಹಾರ ಸಿಗಲಿಲ್ಲ. ನಿಮಗೆ ಗೊತ್ತಿರಲಿಲ್ಲ ಎಂಬುದೇ ನಿಮ್ಮ ಬಲ.

ನೀಲಿ ಛತ್ರಿಯವರೇ, ಆ ಕಾಯ್ದೆ ನಿಮಗೆ ಒದಗುವುದಿಲ್ಲ. ವಾರಾಂತ್ಯ ಒಟ್ಟಿಗೆ ಕಳೆದ ಮಾತ್ರಕ್ಕೆ ಅದು ಮದುವೆಯಂಥ ಸಂಬಂಧವಾಗದು ಎಂದು 2010ರಲ್ಲೇ ವೇಲುಸ್ವಾಮಿ ಪ್ರಕರಣದಲ್ಲಿ ಹೇಳಿಯಾಗಿದೆ.

ಸಾಲುದೀಪ

ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಸ್ವಯಂಸೇವಕಿಯಾಗಿದ್ದೇನೆ. ಯಾರೂ ಹೇಳದ ಒಂದು ವಿಷಯ: ಹೆಣ್ಣುಮಕ್ಕಳಿಗೆ ವಕೀಲರ ಶುಲ್ಕ ಚಿಂತೆಯಾಗಬೇಕಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರ ಹಕ್ಕಿದೆ. ನ್ಯಾಯಾಲಯದ ಆವರಣದಲ್ಲೇ ನಮ್ಮ ಕಚೇರಿ ಇರುತ್ತದೆ. 15100ಕ್ಕೆ ಕರೆ ಮಾಡಿದರೂ ಆಯಿತು. ಹಣದ ವಿಷಯಕ್ಕೆ ದಾವೆ ಹೂಡುವ ಮೊದಲೇ ಲೋಕ ಅದಾಲತ್‌ಗೆ ಅರ್ಜಿ ಕೊಡಬಹುದು, ಶುಲ್ಕವಿಲ್ಲ. ಅವನು ಬಂದು ಒಪ್ಪಿದರೆ ಅಲ್ಲಿನ ತೀರ್ಮಾನ ನ್ಯಾಯಾಲಯದ ಡಿಕ್ರಿಗೆ ಸಮ, ಅದರ ಮೇಲೆ ಮೇಲ್ಮನವಿ ಇಲ್ಲ. ಬರದಿದ್ದರೆ ದಾವೆ ಇದ್ದೇ ಇದೆ.

ಠಾಣೆಯ ಅನುಭವವನ್ನೂ ಹೇಳಿಬಿಡುತ್ತೇನೆ. ಎಷ್ಟೋ ಕಡೆ ಇಬ್ಬರನ್ನೂ ಕೂರಿಸಿ, "ಇನ್ನು ತೊಂದರೆ ಕೊಡುವುದಿಲ್ಲ" ಎಂದು ಮುಚ್ಚಳಿಕೆ ಬರೆಸಿ ಕಳುಹಿಸುತ್ತಾರೆ. ಮುಚ್ಚಳಿಕೆಗೆ ಸಹಿ ಹಾಕುವ ಮೊದಲು ಪ್ರತಿ ಸಾಲನ್ನೂ ಓದಿ. "ನನ್ನ ಬಾಕಿ ಏನೂ ಇಲ್ಲ" ಎಂಬ ವಾಕ್ಯ ನಡುವೆ ನುಸುಳಿದ್ದನ್ನು ನಾನೇ ಎರಡು ಬಾರಿ ನೋಡಿದ್ದೇನೆ. ದೂರು ತೆಗೆದುಕೊಳ್ಳದಿದ್ದರೆ ಹಿಂಬರಹ ಕೇಳಿ. ಕೊಡದಿದ್ದರೆ ಎಸ್‌ಪಿಗೆ ಬರವಣಿಗೆಯಲ್ಲಿ ಕಳುಹಿಸಿ, ಆಮೇಲೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಬಹುದು.

ಫೋನ್ ಮಾರಬೇಡಿ, ಬದಲಿಸಬೇಡಿ. ಪರದೆಯ ಚಿತ್ರ ಮುದ್ರಿಸಿ ಕೊಟ್ಟರಷ್ಟೇ ಸಾಕ್ಷ್ಯವಾಗುವುದಿಲ್ಲ, ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ ಜೊತೆಗೆ ಬೇಕು.

ನೀಲಿ ಛತ್ರಿ (ಬುಧವಾರ)

ಹೊಸದೊಂದು ತಿಳಿಯಿತು. ಅವನ ದೊಡ್ಡಪ್ಪನ ಮಗಳು ನನಗೆ ಪರಿಚಯ. ಇವತ್ತು ಅವಳೇ ಕರೆ ಮಾಡಿ ಅತ್ತಳು. ಈ ಹುಡುಗಿಯ ಜೊತೆ ಮಾತುಕತೆಯಾಗಿ ತಾಂಬೂಲ ಬದಲಾಯಿಸಿದ್ದು 2020ರ ನವೆಂಬರ್‌ನಲ್ಲಂತೆ. ಹುಡುಗಿಯ ಓದು ಮುಗಿಯಲೆಂದು ಕಾದಿದ್ದರಂತೆ. ಒಂದು ಫೋಟೊ ಕಳುಹಿಸಿದ್ದಾಳೆ. ಅವನು ಚಾಪೆಯ ಮೇಲೆ ಕುಳಿತಿದ್ದಾನೆ, ಮುಂದೆ ಹರಿವಾಣ, ಅದರಲ್ಲಿ ತೆಂಗಿನಕಾಯಿ. ನಗುತ್ತಿದ್ದಾನೆ. ನಾನು ಅವನನ್ನು ಮೊದಲು ಭೇಟಿಯಾದದ್ದು 2021ರ ಜೂನ್‌ನಲ್ಲಿ.

ಅಂದರೆ ತಂಗಿಯ ಮದುವೆ, ಮನೆ ಸಾಲ, ಅಪ್ಪನ ಆರೋಗ್ಯ, ಎಲ್ಲ ಹೇಳುವಾಗ ಆ ತೆಂಗಿನಕಾಯಿ ಆಗಲೇ ಒಡೆದಾಗಿತ್ತು.

ಕೊನೆಯ ಬೆಂಚು

ಈಗಾದರೂ ಎಫ್‌ಐಆರ್ ಎನ್ನಬಹುದೇ ಸರ್?

ಹಳೆಯ ಕಪ್ಪು ಕೋಟು

ಈಗ ಎನ್ನಬಹುದು. ಭಾನುವಾರ ಇದ್ದ ಪ್ರಕರಣ ಇದಲ್ಲ. 2019ರ ಏಪ್ರಿಲ್‌ನಲ್ಲಿ ಅನುರಾಗ್ ಸೋನಿ ಎಂಬ ಛತ್ತೀಸಗಡದ ವೈದ್ಯನ ಪ್ರಕರಣ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಅವನಿಗೂ ಬೇರೊಬ್ಬಳ ಜೊತೆ ಮದುವೆ ಮೊದಲೇ ನಿಶ್ಚಯವಾಗಿತ್ತು. ಅದನ್ನು ಮುಚ್ಚಿಟ್ಟು ಈಕೆಗೆ ಮಾತು ಕೊಟ್ಟಿದ್ದ. ಮೊದಲಿನಿಂದಲೂ ಮದುವೆಯಾಗುವ ಉದ್ದೇಶವಿರಲಿಲ್ಲ ಎಂದು ನ್ಯಾಯಾಲಯ ಅಪರಾಧ ಎತ್ತಿಹಿಡಿಯಿತು, ಶಿಕ್ಷೆಯನ್ನು ಮಾತ್ರ ಹತ್ತು ವರ್ಷದಿಂದ ಏಳಕ್ಕೆ ಇಳಿಸಿತು. ಪ್ರಮೋದ್ ಪವಾರ್ ತೀರ್ಪು ಬಂದದ್ದೂ ಅದೇ ವರ್ಷ. ಕಾನೂನು ಒಂದೇ, ವ್ಯತ್ಯಾಸವಿದ್ದದ್ದು ಮೊದಲ ದಿನದ ಸಂಗತಿಯಲ್ಲಿ.

ಎರಡು ತೊಡಕುಗಳನ್ನು ಈಗಲೇ ಹೇಳುತ್ತೇನೆ. ಒಂದು, ಕಲಂ 69 ಹಿಂದಕ್ಕೆ ಹೋಗುವುದಿಲ್ಲ. 2024ರ ಜೂನ್ ಅಂತ್ಯದವರೆಗಿನದ್ದು ಹಳೆಯ ದಂಡ ಸಂಹಿತೆಗೆ ಬರುತ್ತದೆ, ಆಮೇಲಿನದ್ದು ಹೊಸದಕ್ಕೆ. ದೂರಿನಲ್ಲಿ ದಿನಾಂಕಗಳನ್ನು ಬಿಡಿಸಿ ಬರೆಯಬೇಕು. ಎರಡು, ಆ ಸೋದರಿ ಇವತ್ತು ಫೋನಿನಲ್ಲಿ ಅತ್ತಿದ್ದಾಳೆ, ಸಾಕ್ಷಿಯ ಕಟ್ಟೆಯಲ್ಲಿ ನಿಂತು ಅಣ್ಣನ ವಿರುದ್ಧ ಹೇಳುತ್ತಾಳೆಯೇ? ಹೇಳದಿದ್ದರೆ ಆ ಫೋಟೊ ಯಾವತ್ತಿನದೆಂದು ಬೇರೆ ದಾರಿಯಲ್ಲಿ ತೋರಿಸಬೇಕು.

ಗೋಡೆ ಗಡಿಯಾರ

ಇದನ್ನು ಓದಿದ ಮೇಲೆ ನನ್ನ ಮೊದಲ ಮಾತಿನ ದನಿ ಸರಿಯಿರಲಿಲ್ಲ ಅನಿಸುತ್ತಿದೆ. ಕ್ಷಮಿಸಿ ತಂಗಿ. ಒಂದು ಕೇಳಲೇ? ಆ ಹುಡುಗಿಗೆ ವಿಷಯ ಗೊತ್ತಾಗಬೇಡವೇ?

ಎರಡನೇ ಅಧ್ಯಾಯ

ಗೊತ್ತಾಗಬೇಕು. ನನ್ನ ಅಭಿಪ್ರಾಯ ಸ್ಪಷ್ಟ. ಆದರೆ ಫೋಟೊ ಇಲ್ಲದೆ, ಬೈಗುಳವಿಲ್ಲದೆ, ಅವಳೊಬ್ಬಳಿಗೆ, ನಾಲ್ಕು ವಾಕ್ಯ. ಮದುವೆ ಮುಗಿದ ಮೇಲೆ ತಿಳಿದರೆ ಅವಳೇ ಹಿಂದೂ ವಿವಾಹ ಕಾಯ್ದೆಯ ಸೆಕ್ಷನ್ 12 ಹಿಡಿದು, ಮೋಸ ಗೊತ್ತಾದ ಒಂದು ವರ್ಷದೊಳಗೆ, ಮದುವೆ ರದ್ದು ಕೇಳಲು ಅಲೆಯಬೇಕಾಗುತ್ತದೆ. ಅದು ಸಿಗುತ್ತದೆಂಬ ಭರವಸೆಯೂ ಇಲ್ಲ.

ಹಳೆಯ ಕಪ್ಪು ಕೋಟು

ವಕೀಲನಾಗಿ ನನ್ನ ಸಲಹೆ: ದೂರು ಅಥವಾ ನೋಟಿಸ್ ಹೋಗುವವರೆಗೆ ಅದೂ ಬೇಡ. "ಹಣ ಕೊಡದಿದ್ದರೆ ಮದುವೆ ಮುರಿಯುತ್ತೇನೆ" ಎಂದು ಯಾವ ರೂಪದಲ್ಲೂ ಹೇಳಬೇಡಿ. ಅದು ಸುಲಿಗೆಯ ಆರೋಪಕ್ಕೆ ದಾರಿ. ಹಣದ ಮಾತು ಹಣದ ನೋಟಿಸಿನಲ್ಲಿ ಮಾತ್ರ ಇರಲಿ. ಕಲಂ 69 ರಾಜಿ ಮಾಡಿಕೊಳ್ಳಬಹುದಾದ ಅಪರಾಧವಲ್ಲ, ಕೊಟ್ಟ ದೂರನ್ನು ಬೇಕಾದಾಗ ಹಿಂಪಡೆಯಲಾಗದು, ಹೈಕೋರ್ಟಿಗೇ ಹೋಗಬೇಕು. ಹಾಗಾಗಿ ಅದನ್ನು ಹಣ ವಸೂಲಿಯ ಕೋಲಾಗಿ ಎತ್ತಬೇಡಿ. ಎತ್ತುವುದಾದರೆ ಅದಕ್ಕಾಗಿಯೇ ಎತ್ತಿ.

ನೀಲಿ ಛತ್ರಿ (ಹತ್ತು ದಿನಗಳ ನಂತರ)

ಸಾಲುದೀಪ ಅವರು ಹೇಳಿದ ಕಚೇರಿಗೆ ಹೋದೆ. ಒಬ್ಬ ವಕೀಲೆಯನ್ನು ಕೊಟ್ಟರು, ನನಗಿಂತ ಚಿಕ್ಕವರು, ಆದರೆ ಪಟ್ಟಿ ನೋಡಿ "ಇದನ್ನು ನೀವೇ ಮಾಡಿದಿರಾ" ಎಂದು ಎರಡು ಸಲ ಕೇಳಿದರು. ಒಂಬತ್ತರಲ್ಲಿ ಆರಕ್ಕೆ ಸಾಲದ ಸಂದೇಶ ಸಿಕ್ಕಿದೆ. ಹಣದ ನೋಟಿಸ್ ಹೋಗಿ ಎಂಟು ದಿನವಾಯಿತು. ದೂರನ್ನು ದಿನಾಂಕ ಬಿಡಿಸಿ ಬರೆದಿಟ್ಟಿದ್ದೇವೆ. ಕೊಟ್ಟಿಲ್ಲ. ಅಮ್ಮನಿಗೆ ಇನ್ನೂ ಹೇಳಿಲ್ಲ, ಹೇಳಿದ ಮೇಲೆ ಕೊಡುತ್ತೇನೆ. ತಡವಾದಷ್ಟೂ ಪ್ರಶ್ನೆ ಏಳುತ್ತದೆ ಎಂದು ವಕೀಲೆ ಎಚ್ಚರಿಸಿದ್ದಾರೆ, ಹಾಗಾಗಿ ಈ ಭಾನುವಾರ ಊರಿಗೆ ಹೋಗುತ್ತಿದ್ದೇನೆ.

ನಿನ್ನೆ ಸಂಜೆ ನನ್ನ ಖಾತೆಗೆ 50,000 ಬಂತು. ಕರೆ ಇಲ್ಲ, ಸಂದೇಶ ಇಲ್ಲ. ಷರಾದ ಜಾಗದಲ್ಲಿ ಒಂದೇ ಪದ ಬರೆದಿದ್ದಾನೆ: "ಬಾಕಿ".

ಹಳೆಯ ಕಪ್ಪು ಕೋಟು

ಬ್ಯಾಂಕಿಗೆ ಹೋಗಿ ಆ ಪುಟಕ್ಕೆ ಮೊಹರು ಹಾಕಿಸಿಕೊಳ್ಳಿ. ನಾಳೆಯಲ್ಲ, ಇವತ್ತು.